ಉಪ್ಪಾಗೆ ಹಣ್ಣಾಗುವವರೆಗೆ ಕಾಯುವುದು ಹೇಗೆ?

ಪ್ರಶ್ನೆ: ನಮ್ಮದು ಘಟ್ಟದ ಅಂಚಿನ ಹಳ್ಳಿ. ಪಕ್ಕದ ಕಾಡಿನಲ್ಲಿ ಹುಳಿಹಣ್ಣಿನ ಉಪ್ಪಾಗೆ ಮರಗಳು ಬೇಕಾದಷ್ಟಿವೆ. ಜೂನ್ ಮುಗಿಯುವ ಮೊದಲೇ ಜನ ಹಸಿರು ಕಾಯಿಯನ್ನೇ ಕೊಯ್ದುಬಿಡುತ್ತಾರೆ, ಕೆಲವರು ಟೊಂಗೆಯನ್ನೇ ಕಡಿಯುತ್ತಾರೆ. ಹಣ್ಣಾಗಲಿ ಎಂದು ಕಾದರೆ ನನಗೆ ಏನೂ ಉಳಿಯುವುದಿಲ್ಲ. ಕಾನೂನಿನಲ್ಲಿ ದಾರಿ ಇದೆಯೇ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ನೀವೊಬ್ಬರೇ ಕಾಯಬೇಡಿ. ನಮ್ಮೂರಿನ ಗ್ರಾಮ ಅರಣ್ಯ ಸಮಿತಿಗೆ ಅಧ್ಯಕ್ಷೆಯಾಗುವ ಮೊದಲು ನಾನೂ ಎರಡು ಮಳೆಗಾಲ ಹಾಗೆ ಕಾದಿದ್ದೆ. ಎರಡು ಸಲವೂ ಮರದ ಬುಡದಲ್ಲಿ ಸಿಕ್ಕಿದ್ದು ಮುರಿದ ಟೊಂಗೆಗಳು.

ನನ್ನ ಅತ್ತೆಯವರ ಕಾಲಕ್ಕೆ ಉಪ್ಪಾಗೆ ಎಂದರೆ ಅಡುಗೆಯ ಹುಳಿ, ಬೀಜದಿಂದ ತೆಗೆಯುವ ತುಪ್ಪ, ಅಷ್ಟೇ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಹೊರದೇಶಗಳಿಂದ ಸಿಪ್ಪೆಗೆ ಬೇಡಿಕೆ ಬಂದಿತು, ಈ ಓಟವೂ ಶುರುವಾಯಿತು. ಹಸಿರು ಕಾಯಿ ಕೊಯ್ದವರಿಗೂ ಲಾಭವಿಲ್ಲ. ಅದರ ಸಿಪ್ಪೆ ಒಣಗಿದ ಮೇಲೆ ಪೇಲವವಾಗಿ, ತೆಳ್ಳಗೆ ಮುರುಟಿಕೊಳ್ಳುತ್ತದೆ, ತೂಕಕ್ಕೆ ಬರುವುದಿಲ್ಲ. ಹಳದಿಯಾಗಿ ಬಿದ್ದ ಹಣ್ಣಿನ ಸಿಪ್ಪೆಯನ್ನು ಅಟ್ಟದ ಹೊಗೆಯಲ್ಲಿ ಒಣಗಿಸಿ ನೋಡಿ: ಕಪ್ಪಗೆ, ದಪ್ಪಗೆ, ಬೆರಳಿಗೆ ಅಂಟುವಂತೆ ಇರುತ್ತದೆ. ಎಳೆಯ ಕಾಯಿಯ ಬೀಜ ಮೊಳೆಯುವುದಿಲ್ಲ ಎಂಬ ಮಾತಂತೂ ನನಗೆ ಎಲ್ಲಕ್ಕಿಂತ ದೊಡ್ಡದು. ನಮ್ಮ ಕಾಡಿನಲ್ಲಿ ಮುದಿ ಮರಗಳ ಕೆಳಗೆ ಒಂದೂ ಸಸಿ ಕಾಣದೆ ಸಂಕಟಪಟ್ಟಿದ್ದೇನೆ.

ಇನ್ನು ಕಾನೂನು. 1952ರ ಅರಣ್ಯ ನೀತಿ ರಾಷ್ಟ್ರದ ಹಿತವನ್ನು ಹಳ್ಳಿಯ ಅಗತ್ಯಕ್ಕಿಂತ ಮೇಲಿಟ್ಟಿತ್ತು. 1988ರ ನೀತಿ ಕಾಡಂಚಿನವರ ಮನೆಬಳಕೆಗೆ ಮೊದಲ ಸ್ಥಾನ ಕೊಟ್ಟಿತು. 1993ರ ರಾಜ್ಯ ಸರ್ಕಾರದ ಆದೇಶದಿಂದ ಬಂದ ನಮ್ಮಂಥ ಸಮಿತಿಗಳಿಗೆ ಇಲಾಖೆಯ ಜೊತೆ ಪಾಲು ಸಿಕ್ಕಿತು, ಹಕ್ಕು ಸಿಗಲಿಲ್ಲ. ಹಕ್ಕು ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಪರಂಪರೆಯಿಂದ ಆರಿಸುತ್ತಿದ್ದ ಕಿರು ಅರಣ್ಯ ಉತ್ಪನ್ನವನ್ನು (ಮರಮುಟ್ಟು ಬಿಟ್ಟು ಹಣ್ಣು, ಬೀಜದಂಥವು) ಸಂಗ್ರಹಿಸಿ ಮಾರುವ ಹಕ್ಕನ್ನು ಅದು ಮಾನ್ಯ ಮಾಡುತ್ತದೆ. ಸಮುದಾಯದ ಕಾಡಿಗೆ ಯಾರು, ಯಾವಾಗ ಹೋಗಬೇಕೆಂದು ಕಟ್ಟುಪಾಡು ಮಾಡುವ ಅಧಿಕಾರ ಗ್ರಾಮಸಭೆಗೆ ಇದೆ (5ನೇ ಕಲಂ). ಸಮುದಾಯ ಹಕ್ಕಿಗೆ ಅರ್ಜಿಯ ನಮೂನೆ ‘ಬಿ’, ಕಾಡಿನ ನಿರ್ವಹಣೆಯ ಹಕ್ಕಿಗೆ ನಮೂನೆ ‘ಸಿ’. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೂ ಹಿಂದಿನ 75 ವರ್ಷಗಳ ಕಾಡಿನ ನಂಟನ್ನು ತೋರಿಸಬೇಕು. ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯವೇ. ಆದರೆ ಒಂದೇ ಸಾಕ್ಷ್ಯ ಸಾಲದು, ಹಳೆಯ ದಾಖಲೆಯನ್ನೂ ಹುಡುಕಿ.

ಅರ್ಜಿ ಇತ್ಯರ್ಥವಾಗಲಿ ಎಂದು ಕೈಕಟ್ಟಿ ಕೂರಬೇಡಿ. ನಾವು ಮೊದಲು ಕೊಯ್ಲಿನ ದಿನ ಗೊತ್ತುಮಾಡಿದೆವು. ಮೊದಲ ವರ್ಷ ಮೂರು ಮನೆಯವರು ಆ ಕಟ್ಟುಪಾಡನ್ನು ಮುರಿದರು. ದಂಡ ಹಾಕೋಣ ಎಂದವರಿಗೆ ನಾನು ಒಪ್ಪಲಿಲ್ಲ. ಆ ಮೂರೂ ಮನೆಗಳಲ್ಲಿ ಶ್ರಾವಣದ ಖರ್ಚಿಗೆ ಬೇರೆ ದುಡ್ಡಿರಲಿಲ್ಲ. ಮರುವರ್ಷ ಸ್ವಸಹಾಯ ಸಂಘದಿಂದ ಅವರಿಗೆ ಮುಂಗಡ ಕೊಟ್ಟೆವು, ಎಲ್ಲರ ಸಿಪ್ಪೆಯನ್ನೂ ಒಟ್ಟಿಗೆ ಮಾರಿದೆವು, ಪೇಲವ ಸಿಪ್ಪೆಯನ್ನು ತಕ್ಕಡಿಗೇ ಹಾಕಲಿಲ್ಲ. ಹಸಿರು ಕಾಯಿ ಕೊಯ್ಯುವುದು ತಾನಾಗಿಯೇ ನಿಂತಿತು.

ಸಭೆಯನ್ನು ಮೇ ತಿಂಗಳಲ್ಲೇ ಕರೆಯಿರಿ. ಮಳೆ ಹಿಡಿದ ಮೇಲೆ ಹಳ್ಳದಾಚೆಯ ಮನೆಗಳವರು ಬರಲಾಗುವುದಿಲ್ಲ, ಕಾಡಿಗೆ ಮೊದಲು ಇಳಿಯುವವರು ಸಾಮಾನ್ಯವಾಗಿ ಅವರೇ.

ಪ್ರಶ್ನೆ: ನಮ್ಮ ಸೊಪ್ಪಿನ ಬೆಟ್ಟದಲ್ಲಿರುವ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು) ದೊಡ್ಡ ಉಪ್ಪಾಗೆ ಮರ ಇದುವರೆಗೂ ಕಾಯಿ ಬಿಟ್ಟಿಲ್ಲ. ಕಡಿಯಬಹುದೇ?
– ಓದುಗರೊಬ್ಬರು, ಸಿದ್ದಾಪುರ ತಾಲೂಕು

ಉತ್ತರ: ದಯವಿಟ್ಟು ಕಡಿಯಬೇಡಿ. ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಸವಲತ್ತು; ನೆಲ ಅರಣ್ಯದ್ದೇ. ಅದಕ್ಕಿಂತ ಮುಖ್ಯವಾಗಿ, ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೇಸಿಗೆಯಲ್ಲಿ ಹೂವು ಬಿಟ್ಟಾಗ ಒಂದನ್ನು ಬಿಡಿಸಿ ನೋಡಿ. ನಡುವೆ ಕೇಸರಗಳ ಪುಟ್ಟ ಮುದ್ದೆಯಷ್ಟೇ ಇದ್ದರೆ ಅದು ಗಂಡು. ಸುತ್ತಲಿನ ಹೆಣ್ಣು ಮರಗಳು ಕಾಯಿ ಕಟ್ಟುವುದು ಅದರಿಂದಲೇ.