ಜರ್ಮನ್ ಪದಗಳು ನೆನಪಿನಲ್ಲಿ ಉಳಿಯಲು ಹೇಗೆ ಕಲಿಯಬೇಕು?

ಪದಪಟ್ಟಿಯನ್ನು ದಿನವೂ ಓದಿದರೂ ವಾರದೊಳಗೆ ಮರೆತುಹೋಗುತ್ತದೆ ಎಂದಿದ್ದೀರಿ. ಬರಿದೆ ಓದುವುದಕ್ಕಿಂತ, ಅರ್ಥವನ್ನು ಮುಚ್ಚಿಟ್ಟು ನೆನಪಿನಿಂದ ಹೊರತೆಗೆಯುವ ಪ್ರಯತ್ನವೇ ಪದವನ್ನು ಗಟ್ಟಿಗೊಳಿಸುತ್ತದೆ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ತೀವ್ರವಾಗಿರುತ್ತದೆಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ, ಹಾಗಾಗಿ ಮೊದಲ ಪುನರಾವರ್ತನೆ ಅದೇ ದಿನ ನಡೆದು, ಮುಂದಿನವು ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ ಎಂದು ಅಂತರ ಹಿಗ್ಗುತ್ತಾ ಹೋಗಲಿ. ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಇರುವ ಕಾರ್ಡುಗಳನ್ನು ತೋರಿಸುವ ಆಂಕಿ ತಂತ್ರಾಂಶ ಈ ಲೆಕ್ಕವನ್ನು ತಾನೇ ಇಡುತ್ತದೆ, ಆದರೂ ಕಾರ್ಡುಗಳನ್ನು ನೀವೇ ಬರೆದುಕೊಳ್ಳುವುದು ಲೇಸು.

ಕನ್ನಡಿಗರಿಗೆ ನಿಜವಾದ ತೊಡಕು ಲಿಂಗದ್ದು: ನಮ್ಮಲ್ಲಿ ನಿತ್ಯಬಳಕೆಯ ವಸ್ತುಗಳೆಲ್ಲ ನಪುಂಸಕಲಿಂಗ, ಜರ್ಮನ್‌ನಲ್ಲಾದರೋ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕಲಿಂಗ (ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ಕೂಡ ನಪುಂಸಕವೇ!). ಆದ್ದರಿಂದ ‘ಗಾಬೆಲ್’ (ಫೋರ್ಕು) ಎಂದಷ್ಟೇ ಬರೆಯದೆ, ಸ್ತ್ರೀಲಿಂಗ ಸೂಚಿಸುವ ‘ಡೀ’ ಸೇರಿಸಿ ‘ಡೀ ಗಾಬೆಲ್’ ಎಂದು, ಸಾಧ್ಯವಾದರೆ ಒಂದು ಚಿಕ್ಕ ವಾಕ್ಯದೊಳಗಿಟ್ಟು, ಗಟ್ಟಿಯಾಗಿ ಉಚ್ಚರಿಸುತ್ತಾ ಕಲಿಯಿರಿ.