ಬ್ಯಾಲಿನಸ್ಲೋ ಕುದುರೆ ಸಂತೆಗೆ ಹೋಗಬಹುದಾ?

ಐರ್ಲೆಂಡಿನ ಬ್ಯಾಲಿನಸ್ಲೋ ಊರಿಗೆ ಕೆಲಸಕ್ಕೆ ಬಂದಿದ್ದೀರಿ. ಅಕ್ಟೋಬರಿನಲ್ಲಿ ಊರು ತುಂಬಾ ಕುದುರೆಗಳಂತೆ, ನಮ್ಮಂಥವರು ಹೋಗಬಹುದಾ, ಈ ದೇಶದಲ್ಲಿ ಚೌಕಾಸಿ ಮಾಡ್ತಾರಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಅಂಗಡಿಯಲ್ಲಿ ಚೌಕಾಸಿ ನಡೆಯಲ್ಲ, ಆ ಆಸೆ ಬಿಡಿ. ಸಂತೆಯಲ್ಲಿ ಮಾತ್ರ ಅದನ್ನು ಕಣ್ತುಂಬ ನೋಡಬಹುದು.

ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಪಕ್ಕದವರಿಗೂ ಗೊತ್ತಾಗಲ್ಲ, ಅಲ್ವಾ? ಇಲ್ಲಿ ಪೂರ್ತಿ ಉಲ್ಟಾ. ಎಲ್ಲಾ ಜನರ ಎದುರೇ. ಕೊಳ್ಳುವವನು ಹಲ್ಲು ನೋಡಿ, ಕಾಲು ಸವರಿ, ಓಡಿಸಿ ನೋಡಿ, ಕೊನೆಗೆ ತೀರಾ ಕಡಿಮೆ ರೇಟು ಕೇಳುತ್ತಾನೆ. ಮಾರುವವನು ಮುಖ ತಿರುಗಿಸುತ್ತಾನೆ. ಕೊಳ್ಳುವವನು ಹೊರಟೇ ಬಿಡುತ್ತಾನೆ. ಆಗ ನಡುವೆ ಒಬ್ಬ ನುಗ್ಗುತ್ತಾನೆ, ಅವನಿಗೆ ಟ್ಯಾಂಗ್ಲರ್ ಅಂತಾರೆ. ಹೋಗುವವನ ತೋಳು ಹಿಡಿದು ಎಳೆದು ತಂದು, ಉಳಿದ ವ್ಯತ್ಯಾಸದಲ್ಲಿ "ಅರ್ಧರ್ಧ ಮಾಡ್ಕೊಳ್ಳಿ" ಅಂತ ಇಬ್ಬರ ಕೈಯನ್ನೂ ಸೇರಿಸಲು ನೋಡುತ್ತಾನೆ. ಹಳಬರು ಅಂಗೈಗೆ ಉಗುಳಿಕೊಂಡು ಕೈಗೆ ಕೈ ಬಡಿಯುತ್ತಾರೆ. ಬಡಿದರೆ ವ್ಯಾಪಾರ ಮುಗಿಯಿತು, ಆಮೇಲೆ ಹಿಂದೆ ಸರಿದವನ ಮರ್ಯಾದೆ ಹೋಯಿತು. ಹಾಗಾಗಿ ತಮಾಷೆಗೂ ಕೈ ಕೊಡಬೇಡಿ!

ದುಡ್ಡು ಎಣಿಸಿ ಕೊಟ್ಟ ಮೇಲೆ ಮಾರಿದವನು ಅದರಲ್ಲೇ ಸ್ವಲ್ಪ ವಾಪಸ್ ಕೊಡಬೇಕು. ಅದು ಲಕ್ ಪೆನ್ನಿ, ಅಂದರೆ ಅದೃಷ್ಟದ ಕಾಸು. ಹೆಸರಿಗೆ ಪೆನ್ನಿ, ಕೊಡೋದು ನೋಟು. ಅದೆಷ್ಟು ಅನ್ನೋದಕ್ಕೂ ಮತ್ತೊಂದು ಸುತ್ತು ಜಗಳ. ನನಗೆ ಇಡೀ ಸಂತೆಯಲ್ಲಿ ತುಂಬಾ ಇಷ್ಟವಾಗೋದು ಇದೇ.

ಹಸುಗಳನ್ನು ಹುಡುಕಬೇಡಿ. ಮೊದಲು ಅವನ್ನೂ ಊರಿನ ಬೀದಿಯಲ್ಲೇ ಮಾರುತ್ತಿದ್ದರು. 1950ರ ದಶಕದಿಂದ ದನ ಮಾರುವ ಮಾರ್ಟ್‌ಗಳು ಬಂದವು. ಅಲ್ಲಿ ತೂಕ ಹಾಕಿ ಹರಾಜು ಕೂಗುತ್ತಾರೆ, ಟ್ಯಾಂಗ್ಲರ್‌ಗೆ ಕೆಲಸವಿಲ್ಲ. ಲಕ್ ಪೆನ್ನಿ ಮಾತ್ರ ಅಲ್ಲೂ ಬಿಟ್ಟಿಲ್ಲ.

ಗಮ್‌ಬೂಟು ಹಾಕಿ ಹೋಗಿ, ಕೆಸರು ಜಾಸ್ತಿ. ಕುದುರೆಯ ಹಿಂದೆ ನಿಲ್ಲಬೇಡಿ. ಟ್ರಾವೆಲರ್ ಅನ್ನೋ ಇಲ್ಲಿನ ಅಲೆಮಾರಿ ಮೂಲದ ಸಮುದಾಯದವರು ತುಂಬಾ ಬರುತ್ತಾರೆ. ಕೆಲಸದ ಜಾಗದಲ್ಲಿ ಅವರ ಬಗ್ಗೆ ಏನೇನೋ ಹೇಳುವವರು ಸಿಗಬಹುದು. ಅದನ್ನು ಕಿವಿಗೆ ಹಾಕ್ಕೋಬೇಡಿ. ಕುದುರೆ ವಿಷಯ ಕೇಳಿದರೆ ಅವರು ಸಂತೋಷವಾಗಿ ಹೇಳುತ್ತಾರೆ. ಅಗ್ಗಕ್ಕೆ ಪೋನಿ (ಗಿಡ್ಡ ಕುದುರೆ) ಸಿಗುತ್ತದೆ ಅಂತ ಮನಸ್ಸು ಮಾಡಿದರೆ, ಅದಕ್ಕೆ ಪಾಸ್‌ಪೋರ್ಟ್ ಮತ್ತು ಮೈಕ್ರೋಚಿಪ್ ಇರಲೇಬೇಕು ಅನ್ನೋದು ನೆನಪಿರಲಿ. ಹೌದು, ನಮ್ಮ ಹಾಗೇ ಅದಕ್ಕೂ ಪೇಪರ್ ಬೇಕು.

ಇದು ಹಿಡಿಸಿದರೆ ಮುಂದಿನ ವರ್ಷ ಕೆರ್ರಿ ಕೌಂಟಿಯ ಕಿಲ್ಲೋರ್ಗ್ಲಿನ್‌ ಊರಿಗೆ ಹೋಗಿ. ಆಗಸ್ಟ್ 10ರಿಂದ 12ರವರೆಗೆ ಅಲ್ಲಿ ಪಕ್ ಫೇರ್ ಅನ್ನೋ ಜಾತ್ರೆ. ಮೊದಲ ದಿನ ಕುದುರೆ, ಎರಡನೇ ದಿನ ದನ. ಬೆಟ್ಟದಿಂದ ಹಿಡಿದು ತಂದ ಕಾಡು ಹೋತಕ್ಕೆ ಕಿರೀಟ ಹಾಕಿ ಅಟ್ಟಣಿಗೆ ಮೇಲೆ ಕೂರಿಸುತ್ತಾರೆ, ಸುಮ್ನೆ ಹೇಳ್ತಿಲ್ಲ. ರೂಮು ಮಾತ್ರ ಈಗಲೇ ಬುಕ್ ಮಾಡಿ.