ಸಿಗ್ನಲ್ ಜಾಣವಾದರೆ ಹೊಗೆ ತಗ್ಗೀತೆ?

ಪ್ರಶ್ನೆ: ನಮ್ಮ ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಕ್ಯಾಮೆರಾ, ಸೆನ್ಸರ್‌ಗಳಿಂದ ಬಿ.ಎಚ್. ರಸ್ತೆಯ ವಾಹನಗಳ ಹೊಗೆ ನಿಜಕ್ಕೂ ಕಡಿಮೆಯಾಗುತ್ತದೆಯೇ?
— ಓದುಗರೊಬ್ಬರು, ಕ್ಯಾತ್ಸಂದ್ರ

ಉತ್ತರ: ಕಡಿಮೆಯಾಗಬಲ್ಲದು, ಆದರೆ ಕ್ಯಾಮೆರಾ ಹಾಕಿದ ಮಾತ್ರಕ್ಕೆ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಡ್ಡರಸ್ತೆ ಖಾಲಿಯಿದ್ದರೂ ಕೆಂಪು ದೀಪದ ಮುಂದೆ ಎಂಜಿನ್ ಆರಿಸದೆ ನಿಂತವರು ಸುಡುವುದು ಇದೇ ಇಂಧನವನ್ನು. ವಾಹನಗಳ ಸಾಲನ್ನು ಸೆನ್ಸರ್‌ನಿಂದ ಅಳೆದು, ಅದಕ್ಕೆ ತಕ್ಕಂತೆ ಹಸಿರು ದೀಪದ ಅವಧಿಯನ್ನು ಹಿಗ್ಗಿಸುವ, ಕುಗ್ಗಿಸುವ ಸಿಗ್ನಲ್‌ಗಳು ಈ ಕಾಯುವಿಕೆಯನ್ನು ತಗ್ಗಿಸುತ್ತವೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 2012ರಲ್ಲಿ ಇದನ್ನು ಪ್ರಯೋಗಿಸಿದಾಗ ಪ್ರಯಾಣದ ಸಮಯ ಸುಮಾರು ಶೇ. 25ರಷ್ಟು ಇಳಿಯಿತು.

ಇದರಲ್ಲೊಂದು ತೊಡಕಿದೆ: ರಸ್ತೆ ಸರಾಗವಾದಷ್ಟೂ ಮನೆಯಲ್ಲಿ ನಿಂತಿದ್ದ ಕಾರುಗಳೂ ಹೊರಬೀಳುತ್ತವೆ. ಹಾಗಾಗಿ ನನ್ನ ದೃಷ್ಟಿಯಲ್ಲಿ ಸಿಗ್ನಲ್‌ಗಿಂತ ಬಸ್ಸಿನ ಜಿಪಿಎಸ್ ಹೆಚ್ಚು ಬೆಲೆಯುಳ್ಳದ್ದು. ಮುಂದಿನ ಬಸ್ಸು ಆರು ನಿಮಿಷದಲ್ಲಿ ಬರುತ್ತದೆಂದು ನಿಲ್ದಾಣದಲ್ಲಿ ಖಚಿತವಾಗಿ ತಿಳಿದರೆ ಜನ ಆಟೋ ಹಿಡಿಯದೆ ಕಾಯುತ್ತಾರೆ. (ಬಸ್ಸೇ ಬಾರದಿದ್ದರೆ ಫಲಕ ಎಷ್ಟು ಹೊಳೆದರೇನು!) ವಿದ್ಯುತ್ ಬಸ್ಸುಗಳಾದರೆ, ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ, ಬಿಸಿಲಿರುವ ಹೊತ್ತಿನಲ್ಲೇ ಅವು ಚಾರ್ಜ್ ಆಗುವಂತೆ ಡಿಪೋದ ಸಾಫ್ಟ್‌ವೇರ್ ವೇಳಾಪಟ್ಟಿಯನ್ನು ಹೊಂದಿಸಬಹುದು.